ಓಡಿದವನ ಪೆಟ್ಟಿಗೆ ಗಂಟಿಲ್ಲ

ಹುಬ್ಬಳ್ಳಿ
ಬೇಗೆ ತಿಂಗಳ ಐವತ್ತೆರಡನೇ ದಿನ, ೨೧೭೩

ನನ್ನ ಮುತ್ತಜ್ಜನ ತಾಯಿ ಸುನಂದಾ ಅವರಿಗೆ, ಇಂಚರಾ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಏಪ್ರಿಲ್, ಮೇ ಎರಡನ್ನೂ ಕೂಡಿಸಿ ನಮ್ಮ ಹಿರಿಯರು ಬೇಗೆ ತಿಂಗಳು ಎಂದು ಹೆಸರಿಟ್ಟರು; ಅದಕ್ಕೆ ಅರವತ್ತೊಂದು ದಿನ. ಈ ಕಾಗದದಲ್ಲಿ ನಿಮಗೆ ಗುರುತಿಲ್ಲದ ಮಾತು ಇನ್ನೂ ಕೆಲವು ಬರುತ್ತವೆ, ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇದನ್ನು ಹಿನ್ನಂಚೆಯಲ್ಲಿ ಹಾಕುತ್ತಿದ್ದೇನೆ. ಹಿಂದಿನ ಕಾಲದವರಿಗೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅವಕಾಶ. ಉತ್ತರ ಬಂದವರನ್ನು ನಾನು ಇದುವರೆಗೆ ಕಂಡಿಲ್ಲ. ಆದರೂ ಜನ ಬರೆಯುತ್ತಾರೆ, ಬಹುಪಾಲು ಸತ್ತ ಗಂಡನಿಗೋ ಅವ್ವನಿಗೋ. ನಾನು ನನ್ನ ಒಂದು ಕಾಗದವನ್ನು ಮುಖ ಕಾಣದ ನಿಮಗೆ ಬರೆಯುತ್ತಿದ್ದೇನೆ ಎಂದರೆ ಕೌಂಟರಿನ ಹುಡುಗಿ ಕೂಡ ನಕ್ಕಳು.

ನಿಮ್ಮ ಲೆಕ್ಕದಲ್ಲಿ ನಿಮ್ಮ ಮಗ ಸಮರ್ಥನಿಗೆ ಈಗ ಹನ್ನೊಂದು ವರ್ಷ. ನಿಮ್ಮ ಟೇಲರಿಂಗ್ ಅಂಗಡಿಯಲ್ಲಿ ಕತ್ತರಿಸಿದ ಬಟ್ಟೆಯ ಚೂರುಗಳ ಮೇಲೆ ಮಲಗಿರುತ್ತಾನೆ ಎಂದು ನಮ್ಮಜ್ಜ ಹೇಳುತ್ತಿದ್ದರು. ಆ ಸಮರ್ಥನೇ ನನ್ನ ಮುತ್ತಜ್ಜ. ಇನ್ನು ಕೆಲವು ವರ್ಷಕ್ಕೆ ನಿಮ್ಮೂರಿಗೆ ಒಂದು ಆಟ ಬರುತ್ತದೆ. ನೀವು ಅದನ್ನು ಅಮೆರಿಕನ್ ಫುಟ್‌ಬಾಲ್ ಎಂದು ಟೀವಿಯಲ್ಲಿ ಎಲ್ಲೋ ನೋಡಿರಬಹುದು. ನಾವು ಮೊಟ್ಟೆಚೆಂಡು ಎನ್ನುತ್ತೇವೆ, ಚೆಂಡಿನ ಆಕಾರವೇ ಹಾಗಿದೆ. ಈಗ ಹುಬ್ಬಳ್ಳಿಯಲ್ಲಿ ಬೇಗೆ ತಿಂಗಳಲ್ಲಿ ಹಗಲು ಹೊರಗೆ ಕಾಲಿಡುವಂತಿಲ್ಲ. ಮಾರುಕಟ್ಟೆ ತೆರೆಯುವುದು ಸಂಜೆ ಏಳಕ್ಕೆ, ಶಾಲೆ ಬಿಡುವುದು ಬೆಳಿಗ್ಗೆ ಎಂಟಕ್ಕೆ. ರೊಟ್ಟಿ ಇನ್ನೂ ಇದೆ, ಹೆದರಬೇಡಿ. ಹಗಲಿಡೀ ಒಳಗೆ ಕೂತ ಜನಕ್ಕೆ ಮನೆ ಬಿಟ್ಟರೆ ಇರುವ ಜಾಗವೆಂದರೆ ನೆರಳುಗಣ, ಅಂದರೆ ಚಾವಣಿ ಹೊದೆಸಿ ತಂಪು ಮಾಡಿದ ದೊಡ್ಡ ಮೈದಾನ. ಅಲ್ಲಿ ನಲವತ್ತು ಸಾವಿರ ಜನ ಕೂತು ಮೊಟ್ಟೆಚೆಂಡು ನೋಡುತ್ತಾರೆ. ಬೇರೆ ಹುಚ್ಚು ನಮಗಿಲ್ಲ.

ಆಟ ಸರಳ. ಚೆಂಡು ಮೊದಲು ಬರುವುದು ಎಸೆಗಾರನ ಕೈಗೆ. ಅವನ ಮುಂದೆ ಐದು ದೊಡ್ಡಾಳುಗಳು ಗೋಡೆಯಾಗಿ ನಿಲ್ಲುತ್ತಾರೆ. ಆ ಗೋಡೆ ಮೂರು ಉಸಿರಿನಷ್ಟು ಹೊತ್ತು ತಡೆಯುತ್ತದೆ. ಅಷ್ಟರಲ್ಲಿ ಅವನು ದೂರದಲ್ಲಿ ಓಡುತ್ತಿರುವ ತನ್ನವನೊಬ್ಬನನ್ನು ಹುಡುಕಿ ಚೆಂಡು ಎಸೆಯಬೇಕು. ಹುಡುಕುವುದೇ ಕಷ್ಟ. ಕಣ್ಣು ಪಳಗಲು ಆರೇಳು ವರ್ಷ ಬೇಕು. ಕೆಲವು ಎಸೆಗಾರರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಇರಬೇಕಾದ ಅಗತ್ಯವೂ ಬೀಳುವುದಿಲ್ಲ, ಏಕೆಂದರೆ ಅವರಿಗೆ ಕಾಲಿದೆ. ಗೋಡೆ ಅಲುಗಿದರೆ ಸಾಕು, ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ತಾವೇ ಓಡುತ್ತಾರೆ. ಆಗ ಜನ ಎದ್ದು ನಿಂತು ಕೂಗುವ ಕೂಗಿಗೆ ಚಾವಣಿಯ ತಗಡು ನಡುಗುತ್ತದೆ. ನಾನೂ ಕೂಗಿದ್ದೇನೆ, ಸುಳ್ಳು ಹೇಳುವುದಿಲ್ಲ.

ನಾನು ಹುಬ್ಬಳ್ಳಿ ತಂಡದ ಮೈಕಾವಲಿ. ಆಟಗಾರರ ಮೈ ನೋಡಿಕೊಳ್ಳುವ ಕೆಲಸ, ಮೂವತ್ತೆಂಟು ವರ್ಷದಿಂದ. ನಮ್ಮಲ್ಲಿ ಒಂದು ಪದ್ಧತಿ ಇದೆ, ಅದು ನಿಮ್ಮ ಕೈಯಿಂದಲೇ ಶುರುವಾದದ್ದು. ಎಸೆಗಾರ ತಂಡ ಸೇರಿದ ದಿನ ಅವನ ಸೊಂಟಕ್ಕೆ ಏಳು ಸುತ್ತು ಬರುವ ದಪ್ಪ ನೂಲೊಂದನ್ನು ಉಡದಾರದ ಹಾಗೆ ಕಟ್ಟುತ್ತೇವೆ. ಅದಕ್ಕೆ ಪೆಟ್ಟುದಾರ ಎಂದು ಹೆಸರು. ಅವನನ್ನು ಒಮ್ಮೆ ಕೆಡವಿದರೆ ದಾರಕ್ಕೆ ಒಂದು ಗಂಟು. ಗಂಟು ಹಾಕಿದಷ್ಟೂ ದಾರ ಗಿಡ್ಡವಾಗುತ್ತದೆ. ಯಾವತ್ತು ಅದು ಸೊಂಟಕ್ಕೆ ಒಂದು ಸುತ್ತೂ ಬರುವುದಿಲ್ಲವೋ ಅವತ್ತಿಗೆ ಅವನ ಆಟ ಮುಗಿಯಿತು. ವೈದ್ಯರು, ಯಂತ್ರಗಳು ಎಲ್ಲ ಬಂದ ಮೇಲೂ ಈ ದಾರವನ್ನು ಯಾರೂ ಕೈಬಿಟ್ಟಿಲ್ಲ. ಯಂತ್ರ ಹೇಳಿದ್ದಕ್ಕೆ ಮಾಲೀಕರು ವಾದ ಮಾಡುತ್ತಾರೆ. ಸುತ್ತು ಬರದ ದಾರದ ಎದುರು ಯಾರ ವಾದವೂ ನಡೆಯುವುದಿಲ್ಲ. ಟೇಲರ್ ಕೈಯ ಬುದ್ಧಿ ಎಂದು ನಿಮ್ಮನ್ನು ಎಷ್ಟೋ ಸಲ ಮನಸ್ಸಿನಲ್ಲೇ ಹೊಗಳಿದ್ದೇನೆ.

ಆದರೆ ಈ ದಾರದ ಕಟ್ಟಳೆಯಲ್ಲಿ ಕೊನೆಗೆ ಒಂದು ಸಾಲಿದೆ. ಓಡಿದವನ ಪೆಟ್ಟಿಗೆ ಗಂಟಿಲ್ಲ. ಎಸೆಗಾರ ತಾನಾಗಿ ಓಡಿದಾಗ ಬಿದ್ದರೆ ಅದನ್ನು ದಾರಕ್ಕೆ ಸೇರಿಸುವಂತಿಲ್ಲ. ಮೂವತ್ತೆಂಟು ವರ್ಷ ನಾನು ಈ ಸಾಲನ್ನು ಪಾಲಿಸಿದೆ, ಒಮ್ಮೆಯೂ ತಪ್ಪಲಿಲ್ಲ. ನನ್ನ ಕೈಯಲ್ಲಿ ಏಳು ಜನ ಓಡುವ ಎಸೆಗಾರರು ಬಂದು ಹೋದರು. ಒಬ್ಬನೂ ಮೂವತ್ತು ದಾಟಿ ಆಡಲಿಲ್ಲ. ನಿಂತು ಎಸೆಯುವ ಗಂಗಾಧರ, ಆಮೆಯಂಥ ಮನುಷ್ಯ, ನಲವತ್ತೊಂದರವರೆಗೆ ಆಡಿ ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಹೋದ. ಆ ಏಳು ಜನರ ಸೊಂಟದಿಂದ ದಾರ ಬಿಚ್ಚಿದಾಗ ಮೂರೋ ನಾಲ್ಕೋ ಸುತ್ತು ಉಳಿದಿತ್ತು. ದಾರದ ಪ್ರಕಾರ ಅವರೆಲ್ಲ ಗಟ್ಟಿಮುಟ್ಟಾಗಿದ್ದರು. ಆದರೆ ಒಬ್ಬೊಬ್ಬನನ್ನೂ ಮೈದಾನದಿಂದ ಹೊರಗೆ ಎತ್ತಿಕೊಂಡು ಬರಲು ನಾಲ್ಕು ಜನ ಬೇಕಾದರು.

ನಿಂತವನಿಗೆ ಪೆಟ್ಟು ಬರುವುದು ಕಾಣುತ್ತದೆ, ಮೈ ಮುದುಡಿಕೊಳ್ಳುತ್ತಾನೆ. ಓಡುವವನಿಗೆ ಅದು ಪಕ್ಕದಿಂದ ಬರುತ್ತದೆ, ಒಂದು ಕಾಲು ನೆಲದಲ್ಲಿ ಊರಿರುವಾಗ, ಮೂರು ಜನರ ಭಾರದಲ್ಲಿ. ಅವನ ಮುಂದೆ ಗೋಡೆಯೂ ಇರುವುದಿಲ್ಲ, ಅದನ್ನು ಹಿಂದೆ ಬಿಟ್ಟು ಬಂದಿರುತ್ತಾನೆ. ಇಪ್ಪತ್ತಾರರ ಹೊತ್ತಿಗೆ ಕಾಲಿನ ಚುರುಕು ಒಂದು ಗುಲಗಂಜಿಯಷ್ಟು ಇಳಿಯುತ್ತದೆ, ಅಷ್ಟು ಸಾಕು, ತಪ್ಪಿಸಿಕೊಳ್ಳುತ್ತಿದ್ದ ಪೆಟ್ಟು ಆಗ ತಾಗುತ್ತದೆ. ಕಾಲು ಹೋದ ಮೇಲೆ ಕೈಯಿಂದ ಬದುಕೋಣವೆಂದರೆ ಕೈಗೆ ಯಾರೂ ಏನನ್ನೂ ಕಲಿಸಿರುವುದಿಲ್ಲ. ನಮ್ಮ ಕೋಚ್ ದ್ಯಾಮಣ್ಣನಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತು. "ಅಕ್ಕಾರ, ಗೆಲ್ಲೂ ಹುಡುಗಗ ಬ್ಯಾರೆ ಏನ್ ಕಲಸೂದ್ರಿ? ಅವನ ಕಾಲ ಅದಾವಲ್ಲ, ಸಾಕ ಬಿಡ್ರಿ," ಎಂದ. ದ್ಯಾಮಣ್ಣ ಕೆಟ್ಟವನಲ್ಲ. ಈ ವರ್ಷ ಗೆದ್ದರೆ ಮಾತ್ರ ಅವನಿಗೆ ಮುಂದಿನ ವರ್ಷ.

ದ್ಯಾಮಣ್ಣ ಹೇಳಿದ ಆ ಹುಡುಗ ನನ್ನ ಮೊಮ್ಮಗ ಕಲ್ಮೇಶ, ಮಗಳ ಮಗ. ವಯಸ್ಸು ಇಪ್ಪತ್ಮೂರು. ಐದು ವರ್ಷದಿಂದ ಓಡುತ್ತಿದ್ದಾನೆ. ಊರಿನ ತುಂಬ ಅವನ ಚಿತ್ರ. ಹೋದ ತಿಂಗಳು ಅವನು ನಮ್ಮ ಮನೆಯ ಮೆಟ್ಟಿಲನ್ನು ಅಡ್ಡವಾಗಿ ಇಳಿದ, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ. ನಾನು ನೋಡಿದ್ದು ಗೊತ್ತಾದ ಕೂಡಲೇ ಹಾಡು ಗುನುಗಿದ. ಅನ್ನ ಕಲಸುವಾಗ ಅವನ ಬಲಗೈ ಬೆರಳು ಎರಡು ಮಡಚುವುದಿಲ್ಲ. ಕೇಳಿದರೆ ಏನೂ ಆಗಿಲ್ಲ ಎನ್ನುತ್ತಾನೆ.

ಅವತ್ತೇ ಹೊಸ ನೂಲು ತಂದೆ, ಏಳು ಸುತ್ತಿನದು. ಅವನ ಐದು ವರ್ಷದ ಆಟಗಳನ್ನೆಲ್ಲ ಮತ್ತೆ ಹಾಕಿಕೊಂಡು ನೋಡುತ್ತ, ನಿಂತು ತಿಂದದ್ದಕ್ಕೂ ಓಡಿ ತಿಂದದ್ದಕ್ಕೂ ಭೇದ ಮಾಡದೆ, ಬಿದ್ದಲ್ಲೆಲ್ಲ ಒಂದೊಂದು ಗಂಟು ಹಾಕಿದೆ. ಹನ್ನೊಂದು ದಿನ ಹಿಡಿಯಿತು. ಮುಗಿದ ಮೇಲೆ ಕಲ್ಮೇಶನನ್ನು ಕರೆದು ಸೊಂಟಕ್ಕೆ ಹಿಡಿದು ನೋಡಿದೆ. ಒಂದು ಸುತ್ತು ಬರಲು ಎರಡು ಗೇಣು ಕಡಿಮೆ. ಅವನ ಸೊಂಟದ ಮೇಲಿದ್ದ ದಾರ ಇನ್ನೂ ನಾಲ್ಕು ಸುತ್ತು ಬರುತ್ತಿತ್ತು. ಅವನು ಎರಡನ್ನೂ ನೋಡಿದ. ಆಮೇಲೆ ಅಂದ, "ಓಡೂದು ನನ್ನ ಇಚ್ಛಾ ಅಜ್ಜಿ, ಅದಕ್ಕ ಯಾಕ ಗಂಟು?"

ಸುನಂದಾ ಅವರೇ, ಈ ಮಾತು ನಾನು ಮೊದಲೇ ಕೇಳಿದ್ದೆ. ನಮ್ಮಜ್ಜ ಹೇಳುತ್ತಿದ್ದ ಕಥೆಯಲ್ಲಿ ಇತ್ತು, ನಾನು ಚಿಕ್ಕವಳು, ನಗುವ ಕಥೆ ಎಂದುಕೊಂಡಿದ್ದೆ. ಸಮರ್ಥ ಊರಿನ ಮೊದಲ ಎಸೆಗಾರ. ಒಳ್ಳೆ ಓಟಗಾರ. ನೀವು ಕಟ್ಟಿದ ದಾರ ನಾಲ್ಕೇ ವರ್ಷದಲ್ಲಿ ಸುತ್ತು ಮುಗಿಯುವುದಕ್ಕೆ ಬಂತು. "ಓಡಿದ್ದು ನನ್ನ ಇಚ್ಛಾ ಅವ್ವಾ, ಅದಕ್ಕ ಯಾಕ ಗಂಟು?" ಎಂದು ಅವರು ಎರಡು ದಿನ ಊಟ ಬಿಟ್ಟು ಮಲಗಿದರು. ಮೂರನೇ ದಿನ ನೀವು ಓಡಿ ತಿಂದ ಪೆಟ್ಟಿನ ಗಂಟುಗಳನ್ನೆಲ್ಲ ಸೂಜಿಯ ಮೊನೆಯಿಂದ ಬಿಚ್ಚಿ, ಕಟ್ಟಳೆಗೆ ಆ ಕೊನೆಯ ಸಾಲನ್ನು ಸೇರಿಸಿದಿರಿ. ನಮ್ಮ ಮನೆಯಲ್ಲಿ ಮುತ್ತಜ್ಜನ ಮದುವೆಯ ಫೋಟೋ ಇದೆ. ಇಪ್ಪತ್ತೇಳರ ಮದುಮಗ, ಬಾಸಿಂಗ ಕಟ್ಟಿಕೊಂಡು, ಎರಡು ಕಡೆ ಕೋಲು ಊರಿ ನಿಂತಿದ್ದಾರೆ. ಪಕ್ಕದಲ್ಲಿ ನೀವಿದ್ದೀರಿ. ಫೋಟೋದವರ ಕಡೆ ನೋಡದೆ ಆ ಕೋಲುಗಳನ್ನೇ ನೋಡುತ್ತಿದ್ದೀರಿ.

ಎಲ್ಲ ಪೆಟ್ಟಿಗೂ ಗಂಟು ಹಾಕಿದ ಆ ಹೊಸ ದಾರವನ್ನು ನಾನು ಆಟದ ಸಮಿತಿಯ ಮುಂದೆ ಇಟ್ಟೆ. ಕಟ್ಟಳೆಯ ಪುಸ್ತಕ ತೆರೆದು ನಿಮ್ಮ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಅದು ನನ್ನ ಮನೆತನದವರೇ ಬರೆದದ್ದೆಂದು ಹೇಳಲು ನನಗೆ ನಾಚಿಕೆಯಾಯಿತು. ಇವತ್ತು ರಾತ್ರಿ ಒಂಬತ್ತು ಗಂಟೆಗೆ ಬಳ್ಳಾರಿಯ ಮೇಲೆ ಕೊನೆಯ ಪಂದ್ಯ. ನಸುಕಿನಲ್ಲೇ ಕಲ್ಮೇಶ ಪಂದ್ಯಕ್ಕೆ ದಾರ ಕಟ್ಟಿಸಿಕೊಳ್ಳಲು ಬಂದು ಅಂಗಿ ಎತ್ತಿ ನಿಂತ. ಬೇಡ ಅನ್ನಬಹುದಿತ್ತು. ಅವನ ಮುಖ ಚಿಕ್ಕದಾಗುವುದನ್ನು ನೋಡಲಾರದೆ ಹಳೆಯ ದಾರವನ್ನೇ ನನ್ನ ಕೈಯಾರೆ ಕಟ್ಟಿ ಕಳಿಸಿದೆ. ಆದ್ದರಿಂದ ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ನಿಮ್ಮ ಕೈ ಹೇಗೆ ಸೋತಿತೆಂದು ನನಗೆ ಗೊತ್ತು.

ಬೇಡಿಕೊಳ್ಳುವ ಹಕ್ಕು ಮಾತ್ರ ಇದೆ ಅಂದುಕೊಂಡಿದ್ದೇನೆ. ಆ ದಿನ ಬಂದಾಗ ಸಮರ್ಥ ಊಟ ಬಿಡುತ್ತಾನೆ. ಬಿಡಲಿ. ಗೋಡೆಯ ಕಡೆ ತಿರುಗಿ ಮಲಗಲಿ, ಮಾತು ನಿಲ್ಲಿಸಲಿ, ನೀವು ಅವನ ಅವ್ವನೇ ಅಲ್ಲ ಎನ್ನಲಿ. ಆ ಸಾಲನ್ನು ಬರೆಯಬೇಡಿ. ಸೂಜಿ ಕೆಳಗಿಡಿ.

ಈಗ ಬೆಳಿಗ್ಗೆ ಏಳೂವರೆ. ಹಿನ್ನಂಚೆ ಎಂಟಕ್ಕೆ ಬಾಗಿಲು ಹಾಕುತ್ತದೆ, ಆಮೇಲೆ ಬಿಸಿಲು ಬಿಡುವುದಿಲ್ಲ. ನೆರಳುಗಣದ ಬಾಗಿಲಲ್ಲಿ ಎಸೆಗಾರರ ದಾರವನ್ನು ಕೊನೆಯ ಸಲ ಅಳೆದೇ ಒಳಗೆ ಬಿಡುತ್ತಾರೆ. ನಿಮಗೆ ಈ ಕಾಗದ ಮುಟ್ಟಿದ್ದರೆ, ನೀವು ಮನಸ್ಸು ಗಟ್ಟಿ ಮಾಡಿಕೊಂಡು ಆ ಸಾಲನ್ನು ಬರೆಯದೇ ಇದ್ದಿದ್ದರೆ, ಇವತ್ತು ಅಲ್ಲಿ ಕಲ್ಮೇಶನ ದಾರಕ್ಕೆ ಎರಡು ಗೇಣು ಕಡಿಮೆ ಬೀಳಬೇಕು. ನಾನು ರಾತ್ರಿ ಎಂಟೂವರೆಗೇ ಹೋಗಿ ಆ ಬಾಗಿಲ ಹತ್ತಿರ ನಿಂತಿರುತ್ತೇನೆ. ಅವನು ಅಂಗಿ ಎತ್ತುವುದನ್ನೇ ಕಾಯುತ್ತಿರುತ್ತೇನೆ.

ನಿಮ್ಮ ಮರಿಮೊಮ್ಮಗನ ಮಗಳು,
ಇಂಚರಾ