ಅವ್ವನ ಕಾಲು ಬಾತಿರಲಿಲ್ಲ

...ಅಲ್ಲ, ಅದು ಹಂಗಲ್ಲ, ತಪ್ಪಾತು ಶೈಲಾ, ಹೊಳ್ಳಿ ಮೊದಲಿಂದ ಶುರು ಮಾಡತೀನಿ. ಎರಡು ಸಲ ಹೇಳಿ ಎರಡು ಸಲ ಅಳಿಸಿದೆ. ಒಮ್ಮೆ ದನಿ ನಡುಗಿತು, ಇನ್ನೊಮ್ಮೆ ಯಾರೋ ಸ್ಟ್ರೆಚರ್ ದೂಡಿಕೊಂಡು ಹೋದ್ರು, ಅದರ ಗಾಲಿ ಸಪ್ಪಳದಾಗ ನನ್ನ ಮಾತು ನನಗ ಕೇಳಲಿಲ್ಲ. ಅಪ್ಪ ನಮ್ಮ ಕೈಲೆ ಕಾಗದ ಬರಸೂ ಮುಂದ ಮೊದಲ ಊರು, ತಾರೀಖು ಹಾಕಸತಿದ್ದನಲ್ಲ, ಹಂಗ ಹೇಳತೀನಿ. ಹಾವೇರಿ, ಜನವರಿ ಹದಿಮೂರು, ಮಂಗಳವಾರ, ಹನ್ನೆರಡಕ್ಕ ಹತ್ತು ನಿಮಿಷ ಕಮ್ಮಿ. ಪ್ರೀತಿಯ ತಂಗಿ ಶೈಲಶ್ರೀಗೆ ಅಣ್ಣ ಕೊಟ್ರೇಶನ ಆಶೀರ್ವಾದ. ನೀ ಆರಾಮ ಅದಿಯಲ್ಲ? ಹೋದ ಸಲ ಟೊಂಕ ನೋಯತೈತಿ ಅಂದಿದ್ದಿ, ಕಮ್ಮಿ ಆತೇನು? ಮೀರಜದಾಗ ಥಂಡಿ ಹೆಂಗೈತಿ? ಡ್ಯೂಟಿಗೆ ಹೋಗೂ ಮುಂದ ನೀವು ನರ್ಸುಗಳು ಫೋನು ಕಪಾಟಿನ್ಯಾಗ ಇಟ್ಟು ಕೀಲಿ ಹಾಕಬೇಕು ಅನ್ನೂದು ನನಗ ಗೊತ್ತೈತಿ, ಅದಕ್ಕ ಫೋನ್ ಹಚ್ಚದ ಹಿಂಗ ಮಾತಾಡಿ ಕಳಸಾಕತ್ತೇನಿ. ಎರಡು ಗಂಟೆಗೆ ಹೊರಗ ಬಂದು ಕೇಳತಿ. ಮೊದಲ ಒಂದು ಮಾತು. ಅವ್ವ ಅದಾಳ. ಮಾತಾಡತಾಳ, ಕೈ ಎತ್ತತಾಳ. ಇಷ್ಟು ಕೇಳಿ ಎಲ್ಲಿಯಾರ ಕುಂದ್ರು, ಆಮ್ಯಾಲ ಉಳದದ್ದು ಕೇಳು.

ಇವತ್ತ ಮುಂಜಾನೆ ಏಳೂವರಿಗೆ ಅವ್ವ ಎಂದಿನಂಗ ಟಿವಿ ಮುಂದ ಕುಂತಿದ್ದಳು. ಸಂಕ್ರಾಂತಿ ಬಂತಲ್ಲ, ಮಗ್ಗಲಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆರಾಕ ಹಾಕಿದ್ದಳು. ನಾ ಬ್ಯಾಡಗಿಗೆ ಹೋಗಾಕ ಅಂಗಿ ಹಾಕ್ಕೊಳ್ಳಾಕತ್ತಿದ್ದೆ. ಈಗ ಮೆಣಸಿನಕಾಯಿ ಸೀಜನ್ನು, ಎಂಟೂವರಿಗೆ ಮಾರ್ಕೆಟ್ಟಿನ್ಯಾಗ ಮಾಲು ನೋಡಾಕ ನಾ ಇರಬೇಕು. ರೊಟ್ಟಿ ಒಯ್ಯಾಕ ಬಂದ ಬಾಜೂಮನಿ ಜರೀನಾ, "ಅಣ್ಣಾ, ಅಮ್ಮನ ಬಾಯಿ ನೋಡ್ರಿ" ಅಂದ್ಲು. ಬಸಿ ಕೈಯಿಂದ ಜಾರಿ ಚಹಾ ಸೀರಿ ಮ್ಯಾಲ ಚೆಲ್ಲಿತ್ತು. ಬಾಯಿ ಎಡಕ್ಕ ಜಗ್ಗಿತ್ತು. ಏನೋ ಹೇಳತಾಳ, ತೊದಲು ಬಿಟ್ರ ಬ್ಯಾರೆ ಏನೂ ಬರವಲ್ದು. ಶೈಲಾ, ಐವತ್ತು ವರ್ಷದಾಗ ನಾ ಹಂಗ ಅಂಜಿದ್ದಿಲ್ಲ. ಜರೀನಾನ ಗಂಡ ತೌಸಿಫ್ ಗಾಡಿ ತಗದ, ನಿನ್ನ ವೈನಿ ಪುಷ್ಪಾನೂ ಹತ್ತಿದಳು. ಮೋಟೆಬೆನ್ನೂರಿಂದ ಹಾವೇರಿ ಎಷ್ಟು ದೂರ ಹೇಳು, ಅಷ್ಟು ದಾರಿಯೊಳಗ ಅವ್ವನ ಬಲಗೈ ಹಿಡಕೊಂಡು ಒತ್ತಕೋಂತ ಕುಂತಿದ್ದೆ, ಆಕಿ ಹೊಳ್ಳಿ ಒತ್ತತಾಳೇನು ಅಂತ. ಹೈವೇದಾಗ ಸ್ವಲ್ಪ ದೂರ ಬಂದ ಮ್ಯಾಲ ಒತ್ತಿದಳು. ಮಾತೂ ಬಂತು. ಮೊದಲನೇ ಮಾತ, "ಟಿವಿ ಆರಿಸಿ ಬಂದ್ಯೋ ಇಲ್ಲೋ" ಅಂತ. ತೌಸಿಫ್ ನಕ್ಕ. ನನಗ ಅಳು ಬಂತು.

ಇಲ್ಲಿ ಡಾಕ್ಟರು ಸಣ್ಣ ವಯಸ್ಸಿನ ಹೆಣಮಗಳು, ನಿದ್ದಿ ಕಂಡಿಲ್ಲ ಅನ್ನೂದು ಮಾರಿ ಮ್ಯಾಲ ಕಾಣತೈತಿ. ಬಿಪಿ ಎರಡುನೂರಾ ಹದಿನೆಂಟು. ಸ್ಕ್ಯಾನಿಂಗ್ ಮಾಡಿಸಿ, ಇಂಜೆಕ್ಷನ್ ಕೊಟ್ಟು, ನನ್ನ ಹೊರಗ ಕರದು, ಈ ಸಲ ಬರೇ ಎಚ್ಚರಿಕಿ ಕೊಟ್ಟು ಹೋಗೈತ್ರಿ, ಹೊಳ್ಳಿ ಬಂದ್ರ ಹಿಂಗ ಸುಮ್ನ ಹೋಗೂದಿಲ್ಲ ಅಂದ್ರು. ನಿನಗ ಗೊತ್ತಿರತೈತಿ ಇದೆಲ್ಲಾ. ಬಿಪಿ ಗುಳಿಗಿ ತಗೋತಾರಲ್ಲ ಅಂತ ಕೇಳಿದ್ರು. ಹನ್ನೊಂದು ವರ್ಷ ಆತ್ರಿ, ರಾಣೆಬೆನ್ನೂರಿನ ಡಾಕ್ಟರು ಬರದು ಕೊಟ್ಟದ್ದು, ಒಂದು ದಿನ ತಪ್ಪಿಸಿಲ್ಲ ಅಂತ ನಾ ಎದಿ ಉಬ್ಬಿಸಿ ಹೇಳಿದೆ. ಆ ಹಳೇ ಚೀಟಿ ಬೇಕು ಅಂದ್ರು. ಜರೀನಾಗ ಫೋನ್ ಹಚ್ಚಿ ಅವ್ವನ ಟ್ರಂಕಿನ್ಯಾಗ ಹುಡುಕು ಅಂದೆ. ಹುಡುಕಿ ಆಕಿನ ಫೋನ್ ಹಚ್ಚಿದಳು. ಚೀಟಿ ಸಿಕ್ಕಿತಂತ. ಅದರ ಕೆಳಗ ಒಂದು ಕರವಸ್ತ್ರದ ಗಂಟು, ಅದರೊಳಗ ಗುಳಿಗಿ, ಎಣಿಸಿದ್ರ ಇಪ್ಪತ್ತಾರು. ದಿನಾ ಪುಷ್ಪಾ ಕೈಯಾಗ ಕೊಡತಿದ್ದಳು, ದಿನಾ ಅವ್ವ ನೀರು ಕುಡೀತಿದ್ದಳು, ಗುಳಿಗಿ ಮಾತ್ರ ಗಂಟಿಗೆ ಹೋಗತಿತ್ತು. ಯಾಕವಾ ಅಂತ ಅವ್ವನ್ನ ಕೇಳಿದ್ರ, ಚೆಲ್ಲಬಾರದಲ್ಲೋ, ಮಗಳು ಕಳಸಿದ್ದು ಅಂದ್ಲು. ಕೇಳಿದ್ದು ಯಾಕ ತಗೊಳ್ಳಿಲ್ಲ ಅಂತ, ಆಕಿ ಹೇಳಿದ್ದು ಯಾಕ ಚೆಲ್ಲಲಿಲ್ಲ ಅಂತ.

ಇಪ್ಪತ್ತಾರು ಅಂದಕೂಡಲೇ ನನಗ ಲೆಕ್ಕ ಹತ್ತಿತು. ಡಿಸೆಂಬರ್ ಹದಿನೆಂಟು. ನಾ ಟಿವಿಯೊಳಗ ಮಾತಾಡಿದ ದಿನ. ಅದನ್ನ ನಿನಗ ನಾ ಹೇಳೇ ಇಲ್ಲ, ಬೈತಿ ಅಂತ. ದೀಪಾವಳಿಗೆ ಬಂದಾಗ ಆ ಟಿವಿ ಡಾಕ್ಟರನ್ನ ನೋಡಿ ನೀ ಅಂದಿದ್ದಿ, "ಅಣ್ಣಾ, ಅವನ ಕೊರಳಾಗಿನ ಸ್ಟೆತಸ್ಕೋಪು ಯಾರ ಎದಿ ಮುಟ್ಟೈತಿ ತೋರಸು." ನಾ ನಕ್ಕಿದ್ದೆ. ಆದ್ರ ನಮ್ಮ ಓಣಿಯೊಳಗ ಅವನ ಮಾತು ಮೀರೂ ಮಂದಿ ಯಾರದಾರ? ಅಂವ ನುಗ್ಗಿ ತಪ್ಪಲ ಅಂದ್ರ ಮರುದಿನ ಮೋಟೆಬೆನ್ನೂರಿನ ನುಗ್ಗಿ ಗಿಡ ಬೋಳು. ಮೆಣಸಿನಕಾಯಿ ತೊಟ್ಟು ಬಿಡಸೂ ಹೆಣಮಕ್ಕಳು ಅವನು ಹೇಳಿದ ಕಷಾಯ ಬಾಟಲಿಯೊಳಗ ತುಂಬಿಕೊಂಡು ಬರತಾರ. ನಾನೂ ನಂಬಿದ್ದೆ, ಸುಳ್ಳು ಯಾಕ ಹೇಳಲಿ. ಅಂವ ಫೋನ್ ಮಾಡಿದವರಿಗೆಲ್ಲಾ ತಾಯಿ, ಅಣ್ಣ ಅಂತಾನ, ಅವಸರ ಮಾಡೂದಿಲ್ಲ. ರಾಣೆಬೆನ್ನೂರಿನ ಡಾಕ್ಟರು ಪಾಪ, ಹೊರಗ ನಲವತ್ತು ಮಂದಿ ಕುಂತಿರತಾರ, ತಲಿ ಎತ್ತದ ಬರೀತಾರ. ಅವ್ವ ಇವತ್ತ ಇಲ್ಲಿನೂ ಅದನ್ನ ಅಂದ್ಲು, "ಅಂವ ದಿನಾ ಅರ್ಧ ತಾಸು ನನ್ನ ಮಾರಿ ನೋಡಿ ಮಾತಾಡತಾನ, ನೀವು ನನ್ನ ಮಾರಿ ನೋಡೀರೇನವಾ?" ಅಂವ ನೋಡೂದು ಕ್ಯಾಮೆರಾ ಅನ್ನೂದನ್ನ ಆಕಿಗೆ ಹೆಂಗ ತಿಳಿಸಿ ಹೇಳಲಿ?

ಅವತ್ತ ಮಾರ್ಕೆಟ್ಟಿಗೆ ಲಗೂನ ಹೋಗಿ, ಗೋದಾಮಿನ ಹಿಂದ ಚೀಲದ ಮರಿಗೆ ನಿಂತು ಫೋನ್ ಹಚ್ಚಿದ್ದೆ. ಬ್ಯಾಡಗಿಯಿಂದ ಮಾತಾಡತೀನ್ರಿ, ನಮ್ಮ ಅವ್ವಗ ಎರಡೂ ಕಾಲು ಬಾತಾವ್ರಿ, ಬಿಪಿ ಗುಳಿಗಿ ತಗೋತಾಳ್ರಿ ಅಂದೆ. ತಾಯಿಯವರ ವಯಸ್ಸೆಷ್ಟು ಅಂದ. ಎಪ್ಪತ್ತೆಂಟು ಅಂದೆ. ಅಂವ ನಕ್ಕು, "ಆ ಮಾತ್ರೆಯಿಂದಲೇ ಊತ ಬಂದಿರೋದು ಅಣ್ಣ, ಇವತ್ತೇ ನಿಲ್ಲಿಸಿ, ನಲವತ್ತೆಂಟು ದಿನ ನುಗ್ಗೆಸೊಪ್ಪಿನ ಕಷಾಯ ಕೊಡಿ, ತಾಯಿ ಓಡಾಡ್ತಾರೆ" ಅಂದ. ಒಂದೂವರೆ ನಿಮಿಷ. ಅಷ್ಟರಾಗ ಮುಗೀತು. ಮನಿಯೊಳಗ ಅವ್ವ ಟಿವಿ ಮುಂದ ಕುಂತಾಳ ಅನ್ನೂದು ನನ್ನ ತಲಿಗೆ ಹೊಳೀಲಿಲ್ಲ. ನಾ ಹಲೋ ಅಂದಾಗನ ಆಕಿ ದನಿ ಗುರ್ತು ಹಿಡದಾಳ. ಸಂಜಿಗೆ ಮನಿಗೆ ಬಂದ್ರ ನನಗಂತ ಕುಚ್ಚಿದ ಕಡುಬು ಮಾಡಿದ್ದಳು. ಯಾಕ ಅಂತ ಕೇಳಲಿಲ್ಲ ನಾ. ತಿಂದೆ. ಆ ದಿನದಿಂದ ಕಷಾಯ ಒಲಿ ಮ್ಯಾಲ ಇರತಿತ್ತು, ಓಣಿಯವರೆಲ್ಲಾ ಕುಡಿಯೂದು, ಅವ್ವನೂ ಕುಡೀತಾಳ ಅಂದ್ಕೊಂಡೆ.

ಈಗ ಸಂಕಟ ಏನು ಕೇಳು. ಇಂಜೆಕ್ಷನ್ ಪರಿಣಾಮ ಸಂಜಿತನಕ ಅಷ್ಟ, ಅದರೊಳಗ ಗುಳಿಗಿ ಶುರು ಆಗಬೇಕು ಅಂತಾರ ಡಾಕ್ಟರು. ಅವ್ವ ಬಾಯಿ ತಗ್ಯಾಕ ಒಲ್ಲಳು, ಗುಳಿಗಿಯಿಂದನ ಕಾಲು ಬಾತಾವ ಅಂತ ಟಿವಿ ಡಾಕ್ಟರು ಹೇಳ್ಯಾನ ಅಂತಾಳ. ಡಾಕ್ಟರು ಆಕಿ ಕಾಲು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, "ಬಾವು ಇಲ್ಲಲ್ರಿ, ಯಾವಾಗ ಬಾತಿತ್ತು?" ಅಂತ ನನ್ನ ಕೇಳಿದ್ರು. ಅವ್ವ, ಪುಷ್ಪಾ ಇಬ್ಬರೂ ನನ್ನ ಮಾರಿ ನೋಡಾಕತ್ತಿದ್ರು. ನಾ, ಈಗ ಇಳದೈತ್ರಿ ಅಂದುಬಿಟ್ಟೆ. ಅಂದಕೂಡಲೇ ಅವ್ವ ಡಾಕ್ಟರಿಗೆ ಅಂದ್ಲು, "ನೋಡವಾ, ಗುಳಿಗಿ ಬಿಟ್ಟೆ, ಇಳೀತು. ಬಾತದ್ದು ನನಗ ಗೊತ್ತಾಗಿರಲಿಲ್ಲ, ನನ್ನ ಮಗಗ ಕಂಡಿತ್ತು." ಹಂಗಂದು ನನ್ನ ಕೈ ಹಿಡಕೊಂಡ್ಲು. ಅಲ್ಲಿಂದ ಎದ್ದು ಹೊರಗ ಬಂದೇನಿ. ಈ ಕಟ್ಟಿ ಮ್ಯಾಲ ಕುಂತೇನಿ.

ನೀ ರಜಾ ಕೇಳಿ ಸಂಜಿ ಗಾಡಿಗೆ ಹೊಂಡು. ಉಣ್ಣದ ಬರಬ್ಯಾಡ, ಹಾದಿಯೊಳಗ ಏನಾರ ತಿನ್ನು. ನಿನ್ನ ವಾರ್ಡಿನ ದೊಡ್ಡ ಸಿಸ್ಟರಿಗೆ ನನ್ನ ನಮಸ್ಕಾರ ತಿಳಸು, ಅವರು ಒಳ್ಳೇವರು, ಬಿಡತಾರ. ಶಿವ ನಿನ್ನ ಚಲೋ ಇಟ್ಟಿರಲಿ. ಇಂತಿ ನಿನ್ನ ಅಣ್ಣ, ಕೊಟ್ರೇಶ ನಿಜಲಿಂಗಪ್ಪ.

ಶೈಲಾ, ಕಳಸಿಲ್ಲ ಇನ್ನಾ, ತಾಳು. ಒಂದು ಉಳೀತು. ಅವ್ವನ ಕಾಲು ಬಾತಿರಲೇ ಇಲ್ಲ. ಬಾತದ್ದು ನನ್ನ ಕಾಲು. ಎರಡು ವರ್ಷದಿಂದ ನನಗೂ ಬಿಪಿ ಐತಿ, ಪುಷ್ಪಾಗೂ ಹೇಳಿಲ್ಲ, ಗುಳಿಗಿ ಅಂಗಡಿ ಡ್ರಾದಾಗ ಇಟ್ಟು ನುಂಗತಿದ್ದೆ. ದಿನಾ ಹತ್ತು ತಾಸು ರಾಶಿ ನಡುವ ತಿರುಗೂ ಕೆಲಸ, ಕಾಲು ಹೋಗ್ಯಾವ ಅಂತ ಸಾವಕಾರಗ ಗೊತ್ತಾದ್ರ ನನ್ನ ಮನ್ಯಾಗ ಕುಂದ್ರಸತಾನ. ಬ್ಯಾಡಗಿಯೊಳಗ ನನ್ನ ದನಿ ಗುರ್ತು ಸಿಗತೈತಿ ಅಂತ ಅಂಜಿ, ಬಾಯಿಗೆ ಬಂದದ್ದು ಅವ್ವನ ಹೆಸರು. ಆಕಿ ಹೆಸರಿಲೆ ಕೇಳಿದ್ರ ಯಾರಿಗೂ ಏನೂ ಆಗೂದಿಲ್ಲ ಅಂದ್ಕೊಂಡೆ. ಅವತ್ತಿಂದ ನಾನೂ ಗುಳಿಗಿ ಬಿಟ್ಟೇನಿ, ಇಪ್ಪತ್ತಾರು ದಿನ ಆತು. ಬಾವು ಇಳದಿಲ್ಲ. ನಿನ್ನಿಯಿಂದ ತಲಿಯೊಳಗ ದಿಮ್ ಅಂತೈತಿ. ನೀ ಬಂದು ಬೇಕಾದ್ದು ಬೈ, ಆದ್ರ ಬಾ, ನನಗ ಭಾಳ ಹೆದರಿಕಿ ಆಗೈತಿ...

ತಡಿ, ಪುಷ್ಪಾ ಬಾಗಲದಾಗ ನಿಂತು ಕರಿಯಾಕತ್ತಾಳ. ಏನ ಪುಷ್ಪಾ? ...ಹೂಂ. ...ಹಂಗಂದ್ಲಾ? ಶೈಲಾ, ಅವ್ವ ಅಂತಾಳಂತ, ಕೊಟ್ರಗ ಹೇಳ್ರಿ, ಟಿವಿ ಡಾಕ್ಟರಿಗೆ ಇನ್ನೊಮ್ಮೆ ಫೋನ್ ಹಚ್ಚಿ ಕೇಳಲಿ, ಅಂವ ಹೂಂ ಅಂದ್ರ ನುಂಗತೀನಿ ಅಂತ. ಗುಳಿಗಿ, ನೀರು ಹಿಡಕೊಂಡು ಡಾಕ್ಟರು ನಿಂತಾರಂತ. ಬಂದೆ ಪುಷ್ಪಾ, ಬಂದೆ. ವಾರ್ಡಿನ ಹೊರಗ ಬೂಟು, ಚಪ್ಪಲಿ ಬಿಡಬೇಕು ಇಲ್ಲಿ. ಮುಂಜಾನೆ ಅವಸರದಾಗ ಮಂಚದ ತನಕ ಬೂಟು ಹಾಕ್ಕೊಂಡ ಹೋಗಿದ್ದೆ, ಯಾರಿಗೂ ಕಾಲು ಕಂಡಿರಲಿಲ್ಲ. ಈಗ ಬಿಚ್ಚಿ ಹೋಗತೀನಿ. ಫೋನ್ ಇಡತೀನಿ.