ಒಂದೇ ಡಬ್ಬಿ ಬಿಚ್ಚಿ ಇಡೀ ಕಟ್ಟಡ ಪಾಸ್ ಮಾಡಿದ ಸಾಹೇಬ್ರಿಗೆ

ಮಾನ್ಯ ವಿದ್ಯುತ್ ತಪಾಸಣೆ ಸಾಹೇಬ್ರೇ, ನನಗೊಂದು ಅನುಮಾನ. ನಮ್ಮ ಕೆಲಸಗಾರರ ವಸತಿಗೆ ನೀವು ಯಾವಾಗ ಬಂದ್ರೂ ನಿಮ್ಮ ಏಣಿ ಮೆಟ್ಟಿಲ ಪಕ್ಕದ ರೂಮಲ್ಲೇ ಯಾಕೆ ನಿಲ್ಲುತ್ತೆ? ಏಣಿಗೂ ಆ ರೂಮಿಗೂ ಏನು ಋಣಾನುಬಂಧ?

ಆ ರೂಮಿನ ವೈರ್ ಡಬ್ಬಿ ಬಿಚ್ಚಿದ್ರೆ ಕಣ್ಣು ತಂಪಾಗುತ್ತೆ, ಒಪ್ಪಿದೆ. ವೈರಿಗೆ ವೈರು ಸೇರಿಸೋಕೆ ಗಾಜಿನ ಥರ ಕಾಣೋ ಕನೆಕ್ಟರು. ಒಂದೊಂದು ವೈರಿಗೂ ಒಂದೊಂದು ಗೂಡು, ಪುಟ್ಟ ಹಿಡಿ ಒತ್ತಿದ್ರೆ ಗಟ್ಟಿಯಾಗಿ ಕಚ್ಕೊಳ್ಳುತ್ತೆ. ವೈರು ಪೂರ್ತಿ ಒಳಗೆ ಹೋಗಿದೆಯೋ ಇಲ್ವೋ ಹೊರಗಿಂದಲೇ ಕಾಣುತ್ತೆ. ನೀವು ಭೇಷ್ ಅಂತೀರಿ, ಎಲ್ಲಾ ರೂಮಿನ ಡಬ್ಬಿಗೂ 'ಪರೀಕ್ಷಿಸಲಾಗಿದೆ' ಅನ್ನೋ ಚೀಟಿ ಬೀಳುತ್ತೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡೋದು ಸರಿ ಸ್ವಾಮಿ. ಆ ಅಗುಳನ್ನ ಬೇರೆ ಪಾತ್ರೇಲಿ ಬೇಯಿಸಿ ತಂದಿಟ್ಟಿದ್ರೆ?

ನಾನು ಕೆಲಸ ಹುಡುಕ್ಕೊಂಡು ಬಂದು ಅಕ್ಕ-ಭಾವನ ಜೊತೆ ಕೊನೇ ರೂಮಲ್ಲಿ ಇರೋನು. ಮೊನ್ನೆ ಅಕ್ಕ, "ಏನೋ ಇದು, ಪ್ಲಾಸ್ಟಿಕ್ ಸುಟ್ಟ ವಾಸನೆ?" ಅಂದ್ಲು. ಮೇನ್ ಆಫ್ ಮಾಡಿ ಹತ್ತಿ ನೋಡಿದೆ. ಡಬ್ಬಿ ಮೇಲೆ ನಿಮ್ಮ ಚೀಟಿ ಇದೆ, ಆದ್ರೆ ಸ್ಕ್ರೂ ತಲೆಯ ಸೀಳಲ್ಲಿ ಗೋಡೆ ಬಣ್ಣ ಹಾಗೇ ಗಟ್ಟಿಯಾಗಿ ಕೂತಿದೆ. ಬಣ್ಣ ಕೆರೀದೆ ಒಳಗಿಂದು ನೋಡೋ ವಿದ್ಯೆ ಯಾವ ಗುರುಗಳ ಹತ್ರ ಕಲಿತ್ರಿ? ನನಗೆ ಆ ವಿದ್ಯೆ ಇಲ್ಲ, ಬಿಚ್ಚಿದೆ. ತಾಮ್ರದ ವೈರಿಗೆ ಅಲ್ಯುಮಿನಿಯಂ ವೈರು ಸುಮ್ನೆ ತಿರುಚಿ ಟೇಪ್ ಸುತ್ತಿದ್ದಾರೆ. ಇವೆರಡನ್ನ ಹೀಗೆ ಸೇರಿಸಿದ್ರೆ ಬರ್ತಾ ಬರ್ತಾ ಸಡಿಲಾಗಿ ಕಾಯುತ್ತೆ. ಟೇಪು ಕರಗಿ ಮೇಣದ ಹಾಗೆ ಇಳಿದಿತ್ತು. ನೇರ ಕೆಳಗೆ ಅಕ್ಕನ ಕೂಸಿನ ತೊಟ್ಟಿಲು.

ಕಟ್ಟಡದ ಮೇಸ್ತ್ರೀನ ಕರೆದ್ವಿ. "ಲೈಟು ಉರೀತಾ ಇದೆಯಲ್ಲಮ್ಮ, ಇನ್ನೇನು ಬೇಕು?" ಅಂದ.

"ಹಾಗಾದ್ರೆ ತೊಟ್ಟಿಲು ತಂದು ನಿಮ್ಮನೇಲಿ ಕಟ್ಟಲಾ ಅಣ್ಣಾ?" ಅಂದ್ಲು ಅಕ್ಕ.

"ಆಯ್ತು ಬಿಡಮ್ಮ, ಹೊಸ ಟೇಪ್ ಸುತ್ತಿಕೊಡ್ತೀನಿ."

"ಟೇಪ್ ಬೇಡ, ಮೆಟ್ಟಿಲ ಹತ್ರ ಹಾಕಿದೀರಲ್ಲ, ಅಂಥ ಕನೆಕ್ಟರ್ ಹಾಕಿ," ಅಂದೆ ನಾನು.

"ಅದು ಸಾಹೇಬ್ರಿಗೆ ತೋರ್ಸೋ ರೂಮಿಗೆ ಮಾತ್ರ..." ಅಂದೋನು ನಾಲಿಗೆ ಕಚ್ಕೊಂಡ.

ತೋರ್ಸೋರು ತೋರಿಸ್ತಾರೆ. ನೋಡೋರಿಗೆ ಗೊತ್ತಿರ್ಲಿಲ್ವಾ, ಅಥವಾ ಗೊತ್ತಿದ್ದೇ ನೋಡಿದ್ರಾ?

ಬನ್ನಿ ಸಾಹೇಬ್ರೇ. ಯಾವ ಡಬ್ಬಿ ಬಿಚ್ಬೇಕು ಅಂತ ಈ ಸಲ ನಾವು ಬೆರಳು ಮಾಡಿ ತೋರಿಸ್ತೀವಿ. ಎಲ್ಲಾ ಟೇಪ್ ಕಿತ್ತಾಕ್ಸಿ, ತಾಮ್ರ-ಅಲ್ಯುಮಿನಿಯಂ ಎರಡಕ್ಕೂ ಒಗ್ಗೋ ಕನೆಕ್ಟರ್ ಹಾಕ್ಸಿ. ಅಲ್ಲೀತನಕ ನಮ್ಮ ರೂಮಿನ ಮೇನ್ ಆಫ್. ಅಕ್ಕ ಕತ್ತಲಲ್ಲೇ ಕೂಸಿಗೆ ಹಾಲು ಕುಡಿಸ್ತಾಳೆ. ಕತ್ತಲೆ ಸುಡಲ್ಲ ಅಂತಾಳೆ.

ಇಂತಿ,
ನಿಮ್ಮ ಚೀಟಿ ನಂಬಿ ಇಷ್ಟು ದಿನ ನಿದ್ದೆ ಹೊಡೆದ,
ಕೊನೇ ರೂಮಿನ ಸೋದರಮಾವ