ಕಣ್ಣು ಮುಚ್ಚಿಕೊಂಡು ಹೇಳಿದ ಮಾತು

ಮಾರ್ಚ್ ೧೧, ಮಂಗಳವಾರ.

ಅವಳು ಹೋಗಿ ಇವತ್ತಿಗೆ ವರ್ಷ. ಪಾದ್ರಿಗಳು ನಮ್ಮ ಹಾಲಿನಲ್ಲೇ ನಿಂತು "ಡಿವೋಟೆಡ್ ವೈಫ್, ಡಿವೋಟೆಡ್ ಮದರ್" ಅಂತ ಹೊಗಳಿದ್ದೇ ಹೊಗಳಿದ್ದು. ಅವರೇನು ಅವಳ ಪ್ರಾರ್ಥನೆಗೆ ಸಿಕ್ಕಿಬಿದ್ದವರೇ?

ನನ್ನಾಕೆ ಯಾರನ್ನೂ ಮುಖಕ್ಕೆ ಬೈದವಳಲ್ಲ. ಸಂಜೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಕಣ್ಣು ಮುಚ್ಚಿ, ದೇವರ ಹತ್ತಿರ ಚಾಡಿ ಹೇಳುತ್ತಿದ್ದಳು. "ಕರ್ತನೇ, ಈ ಮನುಷ್ಯನ ನಾಲಿಗೆ ಗಿಡ್ಡ ಮಾಡು. ಇಂಗ್ಲಿಷ್ ಮರೆಸಿ ಮನೆಕೆಲಸ ನೆನಪಿಸು." ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಪ್ರಾರ್ಥನೆಗೆ ಎದುರು ಮಾತಾಡುವುದು ಹೇಗೆ? ಕಾಲೇಜಿನಲ್ಲಿ ಇದಕ್ಕೊಂದು ಪದ ಕಲಿತಿದ್ದೆ, ಎಕ್ಸ್‌ಪಾರ್ಟಿಯೋ ಏನೋ, ಒಂದೇ ಕಡೆಯವರ ಮಾತು ಕೇಳಿ ತೀರ್ಪು ಕೊಡುವುದಕ್ಕೆ. ಮಕ್ಕಳಿಗೆ ಜ್ವರ ಬಂದರೆ ಬೆಳಗಿನವರೆಗೂ ಪಕ್ಕದಿಂದ ಏಳದವಳೂ ಅವಳೇ. ಅದೂ ನಿಜ.

ಇವತ್ತು ದೊಡ್ಡ ಮಗಳು ಪ್ರಾರ್ಥನೆ ಮಾಡಿದಳು. ಅದೇ ದನಿ. "ಕರ್ತನೇ, ಸಿಮಿಟ್ರಿಯಲ್ಲಿ ತನ್ನ ಗೋರಿ ಪಕ್ಕದ ಜಾಗ ಅಪ್ಪನಿಗೆ ಬೇಡ, ಮಗಳೇ ನೀನೇ ಇಟ್ಕೋ ಅಂತ ಅಮ್ಮ ಸಾಯೋ ಮುಂಚೆ ನನ್ನ ಹತ್ರ ಹೇಳಿದ್ಳು. 'ಅಲ್ಲಾದ್ರೂ ಅವರ ಮಾತಿಲ್ಲದೆ ಮಲಗ್ತೀನಿ ಕಣೇ' ಅಂದಿದ್ಳು. ಅದನ್ನ ಒಪ್ಪೋ ಮನಸ್ಸು ಅಪ್ಪನಿಗೆ ಕೊಡು."

ಒಂದು ಕಣ್ಣು ತೆರೆದು ನೋಡಿದೆ. ಮಗಳ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ನನ್ನದೇ ಜಾಗ ಅಂತ ಭಾನುವಾರ ಭಾನುವಾರ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತಿದ್ದೇನೆ.

ಎಲ್ಲರೂ "ಆಮೆನ್" ಅಂದರು. ಹಾಳು ಅಭ್ಯಾಸ, ನಾನೂ ಅಂದೆ.

"ಟೀ ಆರ್ತಿದೆ ಅಪ್ಪಾ, ಕುಡೀರಿ" ಅಂದಳು ಮಗಳು, ಏನೂ ಆಗದವಳ ಹಾಗೆ.

ನನಗೇ ಹೇಳಬಹುದಿತ್ತು ನನ್ನಾಕೆ. ಕಣ್ಣು ಬಿಟ್ಟುಕೊಂಡು, ಒಂದೇ ಒಂದು ಸಲ, ನನಗೇ.